ಸಂದಿಯಲ್ಲಿ ನುಗ್ಗುವ ಸವಾರನೂ ಪ್ರಮತ್ತಯೋಗವೂ

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆಯ ಹೊತ್ತು ಕಾರು, ಬಸ್ಸು, ಲಾರಿಗಳು ಸಾಲುಗಟ್ಟಿ ನಿಂತಿರುವಾಗ, ಎರಡು ಸಾಲುಗಳ ನಡುವಣ ಕಿರಿದಾದ ಸಂದಿಯಲ್ಲಿ ಮೋಟಾರ್ ಸೈಕಲ್ಲುಗಳು ನುಸುಳಿ ಮುಂದಕ್ಕೆ ಹೋಗುವುದು ನಿತ್ಯದ ನೋಟ. ಕಾರಿನಲ್ಲಿ ಕುಳಿತವರು ಇದನ್ನು ಅನ್ಯಾಯವೆನ್ನುತ್ತಾರೆ, ಸವಾರರು ಅನಿವಾರ್ಯವೆನ್ನುತ್ತಾರೆ. ಶ್ರಾವಕನಾದವನು ಇದನ್ನು ಯಾವ ವ್ರತದ ಅಳತೆಗೋಲಿನಿಂದ ಅಳೆಯಬೇಕು?

ಸರದಿಯನ್ನು ಮೀರುವುದು ಪರರ ಸ್ಥಾನವನ್ನು ಅಪಹರಿಸಿದಂತೆ, ಆದ್ದರಿಂದ ಅಚೌರ್ಯಾಣುವ್ರತಕ್ಕೆ ಭಂಗ ಎಂಬ ವಾದವುಂಟು. ನನಗೆ ಅದು ಒಪ್ಪಿಗೆಯಿಲ್ಲ. ಕಾರು ಆ ಸಂದಿಯಲ್ಲಿ ಹೋಗಲಾರದು. ಅದಕ್ಕೆ ಒದಗದ ಜಾಗವನ್ನು ಬಳಸಿದವನು ಅದರಿಂದ ಏನನ್ನೂ ಕಸಿದುಕೊಂಡಂತಾಗಲಿಲ್ಲ. ಅದೇ ಸವಾರನು ಸಿಗ್ನಲ್ಲಿನ ಬಳಿ ಪಾದಚಾರಿಗಳ ಬಿಳಿಪಟ್ಟೆಯ ಮೇಲೆ ನಿಂತರೆ, ಅಥವಾ ಫುಟ್‌ಪಾತ್ ಏರಿದರೆ, ಅಲ್ಲಿ ಅದತ್ತಾದಾನದ ದೋಷ ನಿಶ್ಚಯವಾಗಿಯೂ ಉಂಟು.

ಮುಖ್ಯವಾದ ಪ್ರಶ್ನೆ ಅಹಿಂಸೆಯದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಈರ್ಯಾಸಮಿತಿಯನ್ನು ಪಾಲಿಸುತ್ತ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ನಡೆಯುವ ಮುನಿಯ ಪಾದದಡಿ ಕ್ಷುದ್ರಜೀವಿಯೊಂದು ಅಕಸ್ಮಾತ್ತಾಗಿ ಸತ್ತರೂ ಅದರ ನಿಮಿತ್ತವಾಗಿ ಅವರಿಗೆ ಬಂಧವಿಲ್ಲವೆಂದು ಆಚಾರ್ಯರು ವಿವರಿಸುತ್ತಾರೆ. ಇದರ ಮತ್ತೊಂದು ಮುಖವನ್ನು ನಾವು ಸುಲಭವಾಗಿ ಮರೆಯುತ್ತೇವೆ. ಪ್ರಮತ್ತನಾಗಿ ನುಗ್ಗಿದವನು ಯಾರಿಗೂ ತಗುಲದೆ ಕ್ಷೇಮವಾಗಿ ಮನೆ ಸೇರಿದರೂ ದೋಷ ಅವನನ್ನು ಬಿಡದು. ‘ಏನೂ ಆಗಲಿಲ್ಲವಲ್ಲ’ ಎಂಬ ಸಮಾಧಾನಕ್ಕೆ ನಮ್ಮ ಶಾಸ್ತ್ರದಲ್ಲಿ ಎಡೆಯಿಲ್ಲ.

ಹಾಗಾದರೆ ಎಚ್ಚರಕ್ಕೆ ಅಳತೆಯುಂಟೆ? ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು 2016ರಲ್ಲಿ ಇಂಥ ಸವಾರಿಗೆ ಕಾನೂನಿನಲ್ಲಿ ಸ್ಪಷ್ಟ ಸ್ಥಾನ ಕೊಟ್ಟಿತು. ಅದಕ್ಕೆ ಹಿಂದಿನ ವರ್ಷ ಅಲ್ಲಿನ ಬರ್ಕ್ಲಿ ವಿಶ್ವವಿದ್ಯಾನಿಲಯದ ಸಂಶೋಧಕರು, ಸುತ್ತಲಿನ ವಾಹನಗಳ ವೇಗ ಗಂಟೆಗೆ 50 ಮೈಲಿಯೊಳಗಿದ್ದು, ಸವಾರನು ಅವುಗಳಿಗಿಂತ 15 ಮೈಲಿಗೆ ಮೀರಿ ಹೆಚ್ಚು ವೇಗದಲ್ಲಿರದಿದ್ದರೆ ಈ ಸವಾರಿ ಸಾಕಷ್ಟು ಸುರಕ್ಷಿತವೆಂದು ಕಂಡರು. 15 ಮೈಲಿಯೆಂದರೆ ಸುಮಾರು 24 ಕಿಲೋಮೀಟರು. ಬಸ್ಸಿನಿಂದ ನಡುರಸ್ತೆಯಲ್ಲೇ ಇಳಿಯುವ ವೃದ್ಧೆಯೂ, ಹೂ ಮಾರುವ ಬಾಲಕಿಯೂ, ಹಸುವೂ ಎದುರಾಗುವ ನಮ್ಮ ರಸ್ತೆಗೆ ಅದು ಬಹಳವೇ ಆಯಿತು. ಆದರೆ ಅದರೊಳಗಿನ ತತ್ತ್ವ ಮುನಿಗಳ ನಾಲ್ಕು ಮೊಳದ್ದೇ: ನಿಲ್ಲಲು ಬೇಕಾದಷ್ಟು ದೂರವನ್ನು ಕಣ್ಣು ಮೊದಲೇ ಕಂಡಿರಬೇಕು.

ಕಾರಿನವರೂ ನಿರ್ದೋಷಿಗಳೇನಲ್ಲ. ಹಿಂದೆ ನೋಡದೆ ಬಾಗಿಲು ತೆರೆಯುವುದು ಪ್ರಮಾದ. ಬೈಕು ಬರುವುದನ್ನು ಕನ್ನಡಿಯಲ್ಲಿ ಕಂಡೂ ಬೇಕೆಂದೇ ಸಂದಿಯನ್ನು ಮುಚ್ಚುವವರಿದ್ದಾರೆ. ಅದು ಪ್ರಮಾದಕ್ಕೂ ಮೀರಿದ ಮಾತ್ಸರ್ಯ.

ಕೃತ, ಕಾರಿತ, ಅನುಮೋದನೆ ಮೂರರಲ್ಲೂ ಪಾಪ ಸಲ್ಲುತ್ತದೆಂದು ನಾವು ಪ್ರತಿಕ್ರಮಣದಲ್ಲಿ ಸ್ಮರಿಸುತ್ತೇವೆ. ಬೆನ್ನಿಗೆ ಚೀಲ ಹೊತ್ತು ಸಂದಿಯಲ್ಲಿ ನುಗ್ಗುವ ಹುಡುಗನ ಅವಸರ ಬಹುಮಟ್ಟಿಗೆ ಅವನದಲ್ಲ. ನಿಮಿಷಗಳ ಲೆಕ್ಕದಲ್ಲಿ ಸಾಮಾನು ಬಾಗಿಲಿಗೆ ಬರಬೇಕೆನ್ನುವ ಗಿರಾಕಿಯದು, ಹಾಗೆಂದು ಮಾತು ಕೊಟ್ಟ ವ್ಯಾಪಾರಿಯದು. ನಮ್ಮ ವರ್ತಕ ಬಂಧುಗಳಲ್ಲಿಯೂ ಮಾಲು ತಲುಪಿಸುವ ಹುಡುಗರಿಗೆ ಟ್ರಿಪ್ಪಿಗೆ ಇಷ್ಟೆಂದು ಕೂಲಿ ಗೊತ್ತುಮಾಡುವವರಿದ್ದಾರೆ. ಅದರ ಬದಲು ತಿಂಗಳ ಸಂಬಳ ಕೊಟ್ಟರೆ ಅಂಗಡಿಗೆ ಎಷ್ಟು ಹೆಚ್ಚು ಖರ್ಚಾದೀತೆಂಬುದನ್ನು ಈ ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ತೆರೆಯುವಾಗ ಕೂಡಿ ನೋಡಬಹುದು.