ವಾರದ ಹಾಳೆಯಲ್ಲಿ ಯಾರ ಬಿಡುವಿದೆ?



"ವಾರ ಹೇಗೆ ಕಳೆಯಿತೋ ತಿಳಿಯಲೇ ಇಲ್ಲ." ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಆಗಾಗ ಕೇಳಿಬರುವ ಮಾತಿದು. ತಂದೆಗೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಕೆಲಸ, ಮಗಳಿಗೆ ಧಾರವಾಡದ ಕಾಲೇಜು, ನಡುವೆ ಚಿಗರಿ ಬಸ್ಸಿನಲ್ಲಿ ಸುಮಾರು 20 ಕಿಲೋಮೀಟರಿನ ಓಡಾಟ, ಸಂಜೆ ಕಿರಿಯವನ ಟ್ಯೂಷನ್. ದೇವರು ಎಲ್ಲರಿಗೂ ವಾರಕ್ಕೆ 168 ಗಂಟೆಗಳನ್ನೇ ಕೊಟ್ಟಿದ್ದಾರೆ. ಆದರೂ ಮುಖ್ಯವಾದ ಕೆಲಸವೇ ಉಳಿದುಹೋಗುತ್ತದೆ. ಏಕೆ?

ಸಂತ ಮಾರ್ಕರ ಶುಭಸಂದೇಶದ ಮೊದಲನೆಯ ಅಧ್ಯಾಯವನ್ನು ಓದಿ. ಕಫೆರ್ನವುಮಿನಲ್ಲಿ ಸೂರ್ಯ ಮುಳುಗಿದ ಮೇಲೆ ಊರಿಗೆ ಊರೇ ಬಾಗಿಲಲ್ಲಿ ನೆರೆಯಿತು. ಯೇಸುಸ್ವಾಮಿ ಅನೇಕರನ್ನು ಗುಣಪಡಿಸಿದರು. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು, ಏಕಾಂತ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರು. ಎಲ್ಲರೂ ಹುಡುಕುತ್ತಿದ್ದಾರೆಂದು ಸಿಮೋನನು ಬಂದು ಹೇಳಿದಾಗ ಅವರು ಹಿಂದಿರುಗದೆ ಅಕ್ಕಪಕ್ಕದ ಊರುಗಳಿಗೆ ಹೊರಟರು. ತಾವು ಬಂದದ್ದೇ ಅದಕ್ಕೆಂದರು. ಪ್ರಾರ್ಥನೆಯಲ್ಲಿ ಉದ್ದೇಶ ಸ್ಪಷ್ಟವಾದವನಿಗೆ 'ಇಂದು ಇದು ಬೇಡ' ಎನ್ನುವ ಧೈರ್ಯವೂ ಬರುತ್ತದೆ.

ನೀವೂ ಭಾನುವಾರ ರಾತ್ರಿ ಊಟವಾದ ಮೇಲೆ, ಸಣ್ಣದೊಂದು ಪ್ರಾರ್ಥನೆ ಮಾಡಿ, ಮನೆಮಂದಿಯೆಲ್ಲ ಅರ್ಧ ಗಂಟೆ ಕೂಡಿ ಕುಳಿತುಕೊಳ್ಳಿ. ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು. ಬದಲಿಸಲಾಗದವುಗಳನ್ನು ಮೊದಲು ಬರೆಯಿರಿ: ಪಾಳಿ, ತರಗತಿ, ಬಲಿಪೂಜೆ, ಕುಟುಂಬ ಪ್ರಾರ್ಥನೆ. ಆಮೇಲೆ ಒಬ್ಬೊಬ್ಬರಿಗೆ ದಿನಕ್ಕೊಂದೇ ಮುಖ್ಯ ಕೆಲಸ. ಆ ಕೆಲಸದ ಹೊತ್ತಿನಲ್ಲಿ ಮೊಬೈಲು ಬೇರೆ ಕೋಣೆಯಲ್ಲಿರಲಿ. ಒಂದು ಸಂಜೆಯನ್ನು ಖಾಲಿ ಬಿಡಿ. ನೆಂಟರೂ ಜ್ವರವೂ ಹೇಳಿ ಬರುವುದಿಲ್ಲ. ಭಾನುವಾರವೂ ಡ್ಯೂಟಿಯಿರುವ ರೈಲ್ವೆ ನೌಕರರು, ನರ್ಸುಗಳು ಎದೆಗುಂದಬೇಕಿಲ್ಲ. ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಪೂರೈಸಿದಂತೆ ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ತಿಳಿಸುತ್ತದೆ.

ಹಾಳೆ ತುಂಬಿತೇ? ಈಗ ಮತ್ತೊಮ್ಮೆ ನೋಡಿ. ಬಿಡುವು ಯಾರ ಹೆಸರಿನಲ್ಲಿದೆ?

ಮೂರನೆಯ ಆಜ್ಞೆಯನ್ನು ಕೊಡುವಾಗ ದೇವರು ಮನೆಯ ಯಜಮಾನನೊಬ್ಬನಿಗೇ ವಿಶ್ರಾಂತಿ ವಿಧಿಸಲಿಲ್ಲ. ಮಗ, ಮಗಳು, ಆಳು, ದನಕರು, ಪರದೇಶಿ, ಎಲ್ಲರನ್ನೂ ಸೇರಿಸಿದರು. ಇಸ್ರಯೇಲರು ಈಜಿಪ್ಟಿನಲ್ಲಿ ಬಿಡುವಿಲ್ಲದೆ ದುಡಿದ ಗುಲಾಮರಾಗಿದ್ದುದನ್ನು ಧರ್ಮೋಪದೇಶಕಾಂಡ ನೆನಪಿಸುತ್ತದೆ. ನಮ್ಮ ನಾಡಿನಲ್ಲೂ ಈ ಬಿಡುವು ಸುಮ್ಮನೆ ಬಂದದ್ದಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದ ಫಲವಾಗಿ ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಸಿಕ್ಕಿದ್ದು 1890ರಲ್ಲಿ. ಆಗ ನಮ್ಮ ಧಾರವಾಡವೂ ಮುಂಬಯಿ ಪ್ರಾಂತ್ಯದಲ್ಲೇ ಇತ್ತು.

ಗಿರಣಿಗೆ ರಜೆ ಬಂತು, ಅಡುಗೆಮನೆಗೆ ಬಂತೇ? ಭಾನುವಾರ ಎಲ್ಲರೂ ಮನೆಯಲ್ಲಿರುವುದರಿಂದಲೇ ತಾಯಿ ಇನ್ನೂ ನಾಲ್ಕು ರೊಟ್ಟಿ ಹೆಚ್ಚು ತಟ್ಟುತ್ತಾಳೆ. ಪೂಜೆಗೆ ಬಂದರೂ ಅವಳ ಮನಸ್ಸು ಒಲೆಯ ಮೇಲೆಯೇ. ಉಳಿದವರ ಏಕಾಗ್ರತೆಗೆಲ್ಲ ಅವಳ ದಣಿವೇ ಬೆಲೆಯಾದರೆ, ಅಂಥ ಯೋಜನೆ ಎಷ್ಟು ಅಚ್ಚುಕಟ್ಟಾಗಿದ್ದರೂ ದೇವರ ಮುಂದೆ ನ್ಯಾಯವಾದುದಲ್ಲ.

ಆದ್ದರಿಂದ ಬದಲಿಸಲಾಗದವುಗಳ ಸಾಲಿನಲ್ಲೇ ಅವಳ ಬಿಡುವನ್ನೂ ಬರೆಯಿರಿ. ಆ ಹೊತ್ತಿಗೆ ಪಾತ್ರೆ ತೊಳೆಯುವವರು ಯಾರು, ಅನ್ನಕ್ಕಿಡುವವರು ಯಾರು ಎಂದು ಹೆಸರು ಹಾಕಿರಿ. ಹೆಸರಿಲ್ಲದ ಕೆಲಸ ತಿರುಗಿ ಅವಳ ಕೈಗೇ ಬರುತ್ತದೆ. ಮುಂದಿನ ಭಾನುವಾರ ಅವಳೂ ನೆಮ್ಮದಿಯಿಂದ ಪ್ರಭುವಿನ ಪಾದದ ಬಳಿ ಕುಳಿತಳಾದರೆ, ನಿಮ್ಮ ವಾರ ಸಾರ್ಥಕವಾಯಿತೆಂದು ತಿಳಿಯಿರಿ.

ಪ್ರಭು ನಿಮ್ಮ ದುಡಿಮೆಯನ್ನೂ ವಿಶ್ರಾಂತಿಯನ್ನೂ ಆಶೀರ್ವದಿಸಲಿ.