ಅಡುಗೆಮನೆಗೂ ಒಂದು ಭಾನುವಾರ



ಭಾನುವಾರ ಯಾರ ದಿನ ಎಂದು ಕೇಳಿದರೆ, 'ಪ್ರಭುವಿನ ದಿನ' ಎಂದು ನಮ್ಮ ಧರ್ಮೋಪದೇಶ ತರಗತಿಯ ಮಕ್ಕಳು ಥಟ್ಟನೆ ಉತ್ತರಿಸುತ್ತಾರೆ. ಉತ್ತರ ಸರಿಯೇ. ಆದರೆ ಅದೇ ಪ್ರಶ್ನೆಯನ್ನು ನಿಮ್ಮ ಮನೆಯ ತಾಯಿಗೆ ಕೇಳಿ ನೋಡಿ. ವಾರದ ಆರು ದಿನ ಕಚೇರಿಗೋ, ಶಾಲೆಗೋ, ಗಾರ್ಮೆಂಟ್ ಕಾರ್ಖಾನೆಗೋ, ಆಸ್ಪತ್ರೆಯ ಡ್ಯೂಟಿಗೋ ಹೋಗಿ ಬರುವ ಆಕೆಗೆ ಭಾನುವಾರವೆಂದರೆ ಬೆಳಗಿನ ಬಲಿಪೂಜೆ, ಅದು ಮುಗಿದೊಡನೆ ಮಾಂಸದ ಚೀಲ, ಮಸಾಲೆ ರುಬ್ಬುವುದು, ಬರುವ ನೆಂಟರು, ಪಾತ್ರೆಗಳ ರಾಶಿ, ವಾರವಿಡೀ ಕೂಡಿಟ್ಟ ಬಟ್ಟೆ. ಇದರ ನಡುವೆ ಸೀರೆಯ ಸೆರಗು ಹಿಡಿದು ಎಳೆಯುವ ಎರಡು ವರ್ಷದ ಮಗು. ಅದು ಅತ್ತರೆ ಸುಮ್ಮನಾಗಿಸಲು ಕೈಗೆ ಮೊಬೈಲ್. ಇಡೀ ಮನೆಗೆ ಭಾನುವಾರ ಬರುತ್ತದೆ. ಅಡುಗೆಮನೆಗೆ ಮಾತ್ರ ಅದು ಏಳನೆಯ ಕೆಲಸದ ದಿನ. ಇದು ದೇವರ ಚಿತ್ತವೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಿಮ್ಮನ್ನು ಒಂದು ಪಾತ್ರೆಯ ಕಥೆಯತ್ತ ಕರೆದೊಯ್ಯುತ್ತೇನೆ. 'ಸ್ಲೋ ಕುಕ್ಕರ್' ಎಂಬ ಸಾಧನವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ವಿದೇಶದಲ್ಲಿರುವ ನಮ್ಮ ಕುಟುಂಬಗಳಿಗೆ ಅದು ಚಿರಪರಿಚಿತ. ಈಗ ನಮ್ಮ ಊರುಗಳಲ್ಲೂ ಕೊಳ್ಳಲು ಸಿಗುತ್ತದೆ. ಒಳಗೊಂದು ದಪ್ಪ ಪಿಂಗಾಣಿಯ ಮಡಕೆ, ಅದರ ಸುತ್ತ ವಿದ್ಯುತ್ತಿನಿಂದ ಮಂದವಾಗಿ ಕಾಯುವ ಕವಚ, ಮೇಲೊಂದು ಮುಚ್ಚಳ. ಸೀಟಿಯಿಲ್ಲ, ಅವಸರವಿಲ್ಲ. ಬೆಳಿಗ್ಗೆ ಎಲ್ಲವನ್ನೂ ಹಾಕಿ ಮುಚ್ಚಿಟ್ಟರೆ ಸಂಜೆಗೆ ಊಟ ಸಿದ್ಧ. ನಮ್ಮ ಅಜ್ಜಿಯರು ಬೂದಿ ಮುಚ್ಚಿದ ಕೆಂಡದ ಮೇಲೆ ಹಾಲಿನ ಮಡಕೆಯನ್ನು ಗಂಟೆಗಟ್ಟಲೆ ಕಾಯಲು ಬಿಡುತ್ತಿದ್ದರಲ್ಲ, ಅದೇ ಉಪಾಯ.

ಇದನ್ನು ಕಂಡುಹಿಡಿದವರು ಅಮೆರಿಕದ ಷಿಕಾಗೋ ನಗರದಲ್ಲಿದ್ದ ಇರ್ವಿಂಗ್ ನ್ಯಾಕ್ಸನ್ ಎಂಬ ಯೆಹೂದ್ಯ ಇಂಜಿನಿಯರ್. 1940ರಲ್ಲಿ ಅವರಿಗೆ ಇದರ ಪೇಟೆಂಟ್ ದೊರಕಿತು. 1970ರಲ್ಲಿ ರೈವಲ್ ಕಂಪನಿ ಅವರ ವ್ಯವಹಾರವನ್ನು ಕೊಂಡು, ಮರುವರ್ಷ 'ಕ್ರಾಕ್-ಪಾಟ್' ಎಂಬ ಹೆಸರಿನಲ್ಲಿ ಮಾರತೊಡಗಿತು. ಹೊರಗೆ ದುಡಿಯುವ ಮಹಿಳೆಯರಿಗೆ ಅದು ಬಹಳ ಒಪ್ಪಿತು. ಆದರೆ ಮೂಲ ಪ್ರೇರಣೆ ಬಂದದ್ದು ಮಾರುಕಟ್ಟೆಯಿಂದಲ್ಲ, ತಾಯಿಯ ಬಾಯಿಂದ. ಲಿಥುವೇನಿಯಾದಲ್ಲಿ ಬೆಳೆದ ನ್ಯಾಕ್ಸನ್‌ರ ತಾಯಿ ತನ್ನ ಬಾಲ್ಯವನ್ನು ಮಗನಿಗೆ ಹೇಳುತ್ತಿದ್ದರಂತೆ. ಶುಕ್ರವಾರ ಸಂಜೆ ಹೊತ್ತು ಮುಳುಗುವ ಮುನ್ನ ಕಾಳು, ತರಕಾರಿ, ಮಾಂಸ ತುಂಬಿದ ಮಡಕೆಯನ್ನು ಊರಿನ ಬೇಕರಿಗೆ ಒಯ್ದು ಕೊಡುವುದು. ಬೇಕರಿಯವನು ಒಲೆ ಆರಿಸಿದ ಮೇಲೂ ಅದರಲ್ಲಿ ಉಳಿದ ಕಾವಿನಲ್ಲೇ ಆ ಮಡಕೆ ರಾತ್ರಿಯೆಲ್ಲ ಬೇಯುವುದು. ಯೆಹೂದ್ಯರ ಈ ಅಡುಗೆಗೆ 'ಚೋಲೆಂಟ್' ಎಂದು ಹೆಸರು.

ಏಕೆ ಹೀಗೆ? ಸಬ್ಬತ್ ದಿನದಂದು ಮನೆಯಲ್ಲಿ ಬೆಂಕಿ ಹೊತ್ತಿಸಬಾರದೆಂಬುದು ಮೋಶೆಯ ಮೂಲಕ ಬಂದ ಕಟ್ಟಳೆ (ವಿಮೋಚನಾಕಾಂಡ 35:3). ಅರಣ್ಯದಲ್ಲಿ ಮನ್ನಾ ಸುರಿದಾಗಲೂ ಆರನೆಯ ದಿನ ಎರಡರಷ್ಟು ಕೂಡಿಸಿ, ಬೇಯಿಸುವುದನ್ನೆಲ್ಲ ಅಂದೇ ಬೇಯಿಸಿಟ್ಟುಕೊಳ್ಳಲು ಹೇಳಲಾಯಿತು (16:23). ಎಂದರೆ, ಇಂದು ಜಗತ್ತು 'ಬಿಡುವಿಲ್ಲದವರ ಪಾತ್ರೆ' ಎಂದು ಕೊಳ್ಳುತ್ತಿರುವ ಈ ಸಾಧನ ಮೂಲತಃ ವಿಶ್ರಾಂತಿಯ ಪಾತ್ರೆ! ಹೆಚ್ಚು ದುಡಿಯಲೆಂದು ಅಲ್ಲ, ಅಡುಗೆ ಮಾಡುವವಳೂ ದೇವರ ಮುಂದೆ, ಮನೆಯವರ ನಡುವೆ ಕುಳಿತುಕೊಳ್ಳಲೆಂದು ಆ ಮಡಕೆ ರಾತ್ರಿಯೆಲ್ಲ ಬೇಯುತ್ತಿತ್ತು.

ಸಬ್ಬತ್ತಿನ ಆಜ್ಞೆಯನ್ನು ಒಮ್ಮೆ ಓದಿ (ಧರ್ಮೋಪದೇಶಕಾಂಡ 5:14). ಮಗ, ಮಗಳು, ದಾಸ, ದಾಸಿ, ಮನೆಯಲ್ಲಿ ತಂಗಿದ ಪರದೇಶಿ, ಕೊಟ್ಟಿಗೆಯ ಎತ್ತು, ಕತ್ತೆ ಎಲ್ಲರಿಗೂ ಅಲ್ಲಿ ವಿಶ್ರಾಂತಿಯ ಹಕ್ಕಿದೆ. ಎತ್ತಿಗೂ ಕತ್ತೆಗೂ ಬಿಡುವು ಕೊಟ್ಟ ದೇವರು ನಿಮ್ಮ ಮನೆಯ ತಾಯಿಯನ್ನು ಮರೆತರೇ? ಮರೆತವರು ನಾವು. ನಾವು ಗುರುಗಳೂ ಇದಕ್ಕೆ ಹೊರತಲ್ಲ. ಮಾರ್ತಳ ಗಡಿಬಿಡಿಯನ್ನು ಕುರಿತು ಪ್ರಬೋಧನೆ ಮಾಡಿ, ಆಮೇಲೆ ಯಾವುದೋ ಮನೆಯ ಮಾರ್ತ ಬಡಿಸಿದ ಊಟ ಉಂಡು ಬರುತ್ತೇವೆ! ಸಂತ ಲೂಕರ ಶುಭಸಂದೇಶದಲ್ಲಿ ಮಾರ್ತಳ ದೂರೇನು? ಕೆಲಸ ಹೆಚ್ಚೆಂದಷ್ಟೇ ಅಲ್ಲ. ತನ್ನೊಬ್ಬಳ ಮೇಲೆಯೇ ಅದನ್ನು ಬಿಟ್ಟಿದ್ದಾರೆ ಎಂದು (10:40). ಯೇಸುಸ್ವಾಮಿ ಅಡುಗೆಯನ್ನು ಹಳಿಯಲಿಲ್ಲ. ಪುನರುತ್ಥಾನರಾದ ಮೇಲೆ ತಿಬೇರಿಯ ಸರೋವರದ ದಡದಲ್ಲಿ ಅವರೇ ಕೆಂಡ ಮಾಡಿ, ಮೀನು ಸುಟ್ಟು, ರಾತ್ರಿಯಿಡೀ ದುಡಿದು ದಣಿದಿದ್ದ ಶಿಷ್ಯರನ್ನು ಊಟಕ್ಕೆ ಕರೆದರು (ಯೊವಾನ್ನ 21:9-12). ಒಲೆಯ ಮುಂದೆ ನಿಲ್ಲುವುದು ತನ್ನ ಘನತೆಗೆ ಕುಂದು ಎಂದು ತಿಳಿಯುವ ಗಂಡಸು ಈ ದೃಶ್ಯವನ್ನು ಧ್ಯಾನಿಸಲಿ.

'ಉಪದೇಶ ಸಾಕು ಫಾದರ್, ಮಾಡುವುದು ಹೇಗೆ ಹೇಳಿ' ಎನ್ನುತ್ತೀರಾ? ಹೇಳುತ್ತೇನೆ.

ಮೊದಲು ಭಾನುವಾರದ ಕೋಳಿ ಸಾರು. ಶನಿವಾರ ಸಂಜೆಯೇ ಈರುಳ್ಳಿ ಹೆಚ್ಚಿ, ಮಸಾಲೆ ರುಬ್ಬಿ ಫ್ರಿಜ್‌ನಲ್ಲಿಡಿ. ಈ ಕೆಲಸ ಗಂಡನದಾಗಲಿ. ಬೆಳಿಗ್ಗೆ ಬಲಿಪೂಜೆಗೆ ಹೊರಡುವ ಮುನ್ನ ಒಂದು ಕಿಲೋ ಕೋಳಿ, ಮೂರು ಈರುಳ್ಳಿ, ಮೂರು ಟೊಮೆಟೊ, ಮಸಾಲೆ, ಉಪ್ಪು ಹಾಕಿ, ಅರ್ಧ ಲೋಟ ನೀರು ಮಾತ್ರ ಸೇರಿಸಿ. ಆವಿ ಹೊರಹೋಗುವುದಿಲ್ಲ, ಕೋಳಿಯೇ ನೀರು ಬಿಡುತ್ತದೆ. 'ಹೈ' ಎಂಬ ಗುರುತಿನಲ್ಲಿ ಸುಮಾರು ನಾಲ್ಕು ಗಂಟೆ, 'ಲೋ' ಗುರುತಿನಲ್ಲಾದರೆ ಆರರಿಂದ ಎಂಟು ಗಂಟೆ ಸಾಕು. ತೆಂಗಿನ ಹಾಲು ಕೊನೆಯ ಅರ್ಧ ಗಂಟೆಯಲ್ಲಿ. ಪದೇ ಪದೇ ಮುಚ್ಚಳ ತೆಗೆದು ನೋಡಬೇಡಿ. ಪ್ರತಿ ಸಲ ತೆಗೆದಾಗಲೂ ಬೇಯುವ ಸಮಯ ಕಾಲು ಗಂಟೆಗೂ ಮಿಕ್ಕಿ ಮುಂದೆ ಹೋಗುತ್ತದೆ. ಇನ್ನು ಬೆಳಗಿನ ಗಂಜಿಗೆ ಒಂದು ಲೋಟ ಅಕ್ಕಿ, ಎಂಟು ಲೋಟ ನೀರು. ರಾತ್ರಿ 'ಲೋ' ಗುರುತಿನಲ್ಲಿಟ್ಟು ಮಲಗಿದರೆ ಎದ್ದಾಗ ಮಗುವಿಗೂ ಅಜ್ಜನಿಗೂ ಒಪ್ಪುವಷ್ಟು ಮೆತ್ತಗಾಗಿರುತ್ತದೆ.

ಎಚ್ಚರಿಕೆಯ ಮಾತುಗಳು ನಾಲ್ಕು. ಒಂದು, ಫ್ರೀಜರಿನಲ್ಲಿ ಗಟ್ಟಿಯಾದ ಮಾಂಸವನ್ನು ಹಾಗೆಯೇ ಹಾಕಬಾರದು, ಪೂರ್ತಿ ಕರಗಿರಬೇಕು. ಎರಡು, ರಾಜ್ಮಾ ಕಾಳಿನಲ್ಲಿ ಸಹಜವಾಗಿಯೇ ಒಂದು ವಿಷಾಂಶವಿದೆ. ಮಂದ ಕಾವು ಅದನ್ನು ಕೊಲ್ಲದು. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಒಲೆಯ ಮೇಲೆ ಕೊತಕೊತ ಕುದಿಸಿದ ಮೇಲಷ್ಟೇ ಈ ಪಾತ್ರೆಗೆ ಹಾಕಿ. ಮೂರು, ನೀವು ಮನೆಯಲ್ಲಿಲ್ಲದಾಗ ಬಹಳ ಹೊತ್ತು ಕರೆಂಟು ಹೋಗಿತ್ತೆಂದು ತಿಳಿದರೆ, ಬೆಂದಂತೆ ಕಂಡರೂ ಆ ಅಡುಗೆಯನ್ನು ಚೆಲ್ಲಿಬಿಡಿ. ನಾಲ್ಕು, ಅಮೆರಿಕದಿಂದ ತಂದ ಸಾಧನವನ್ನು ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಹಾಕಬೇಡಿ. ಅದು ಅಲ್ಲಿನ 120 ವೋಲ್ಟಿಗೆ ಮಾಡಿದ್ದು.

ಕೊಳ್ಳುವ ಶಕ್ತಿಯಿಲ್ಲವೇ? ಕೊಳ್ಳಲೇಬೇಕೆಂದಿಲ್ಲ. ಬೇಳೆಯನ್ನೋ ಅಕ್ಕಿಯನ್ನೋ ಚೆನ್ನಾಗಿ ಕುದಿಸಿ, ಬಿಗಿಯಾಗಿ ಮುಚ್ಚಿ, ಹುಲ್ಲು ತುಂಬಿದ ಬುಟ್ಟಿಯಲ್ಲೋ ದಪ್ಪ ಕಂಬಳಿಯಲ್ಲೋ ಸುತ್ತಿಟ್ಟರೆ ಒಳಗಿನ ಕಾವಿನಲ್ಲೇ ಅದು ಬೇಯುತ್ತದೆ. ಮಾಂಸಕ್ಕೆ ಮಾತ್ರ ಈ ಕ್ರಮ ಬೇಡ. ಮನೆಯಲ್ಲಿರುವ ಪ್ರೆಶರ್ ಕುಕ್ಕರೂ ಸಾಕು. ಮುಖ್ಯವಾದುದು ಪಾತ್ರೆಯಲ್ಲ, ಅದು ಉಳಿಸಿಕೊಡುವ ಗಂಟೆ.

ಆ ಗಂಟೆಯನ್ನು ಏನು ಮಾಡುತ್ತೀರಿ? ನನ್ನ ಮಾತಿನ ತಿರುಳು ಇರುವುದು ಇಲ್ಲಿ. ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ಒಂದು ವಿಚಾರ ನಮ್ಮ ಪಾಠದಲ್ಲಿತ್ತು: ಮನುಷ್ಯ ದುಡಿಯುವುದು ಬಿಡುವಿಗಾಗಿ, ಬಿಡುವು ಇರುವುದು ಮತ್ತೆ ದುಡಿಯಲಿಕ್ಕಲ್ಲ. ನಾವು ಇದನ್ನು ತಿರುವುಮುರುವು ಮಾಡಿದ್ದೇವೆ. ಮಿಕ್ಸಿ ಬಂತು, ಗ್ಯಾಸ್ ಬಂತು, ಬಟ್ಟೆ ಒಗೆಯುವ ಯಂತ್ರ ಬಂತು. ತಾಯಿಗೆ ಬಿಡುವು ಬಂತೇ? ಉಳಿದ ಸಮಯವನ್ನು ಮತ್ತೊಂದು ಕೆಲಸವೋ ಮತ್ತೊಂದು ಪರದೆಯೋ ನುಂಗಿತು. ಯಂತ್ರ ಗಂಟೆಯನ್ನು ಉಳಿಸಿಕೊಡಬಹುದು. ಅದನ್ನು ಪ್ರೀತಿಯಾಗಿಸುವುದು ಯಂತ್ರದಿಂದಾಗದು.

ಆದ್ದರಿಂದ ಆ ಗಂಟೆಯಲ್ಲಿ ಅರ್ಧ ತಾಯಿಯ ವಿಶ್ರಾಂತಿಗೆ, ಅರ್ಧ ಪುಟ್ಟ ಮಗುವಿಗೆ ಎಂದು ಮೀಸಲಿಡಿ. ಐದು ವರ್ಷದೊಳಗಿನ ಮಕ್ಕಳನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ, ಎರಡು ವರ್ಷ ತುಂಬದ ಮಗುವಿಗೆ ಮೊಬೈಲ್, ಟಿ.ವಿ. ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಹಾಗಾದರೆ ಮಗು ಏನು ಮಾಡಬೇಕು? ನೀವು ಮಾಡುವುದನ್ನೇ ಮಾಡಲು ಬಿಡಿ. ಕರಿಬೇವಿನ ಎಲೆ ಬಿಡಿಸಲಿ. ಮೆಂತ್ಯ ಸೊಪ್ಪು ಹರಿಯಲಿ. ಬೋಗುಣಿಯ ನೀರಿನಲ್ಲಿ ಆಲೂಗಡ್ಡೆ ತೊಳೆಯಲಿ. ನೀರಿನ ಹತ್ತಿರ ಒಂಟಿಯಾಗಿ ಮಾತ್ರ ಬಿಡಬೇಡಿ. ಯಾವ ಪಾತ್ರೆಗೆ ಯಾವ ಮುಚ್ಚಳ ಎಂದು ಹುಡುಕಿ ಹಾಕಲಿ. ಚಪಾತಿ ಹಿಟ್ಟಿನಲ್ಲಿ ಹಾವು ಮಾಡಲಿ. ಅಪ್ಪನೊಡನೆ ಒದ್ದೆ ಬಟ್ಟೆ ಹಿಡಿದು ಅಂಗಳದ ಕಲ್ಲಿನ ಮೇಲೆ 'ಬಣ್ಣ' ಬಳಿಯಲಿ. ಊಟಕ್ಕೆ ಮುನ್ನ 'ಇದು ಅಜ್ಜಿಗೆ, ಇದು ಅಪ್ಪನಿಗೆ' ಎನ್ನುತ್ತಾ ತಟ್ಟೆಗೊಂದು ಚಮಚ ಇಡಲಿ. ಎಣಿಕೆಯ ಜೊತೆಗೆ, ಈ ಮನೆಯಲ್ಲಿ ಎಲ್ಲರಿಗೂ ಸ್ಥಳವಿದೆ ಎಂಬ ಪಾಠವೂ ಆಯಿತು. ಕಾಳು, ಬಟಾಣಿ, ಗುಂಡಿಗಳನ್ನು ಮಾತ್ರ ಈ ವಯಸ್ಸಿನವರ ಕೈಗೆ ಕೊಡಬೇಡಿ. ಗಂಟಲಿಗೆ, ಮೂಗಿಗೆ ಸೇರುತ್ತವೆ. ಬಿಸಿ ಕುಕ್ಕರೂ ಅದರ ವೈರೂ ಮಗುವಿನ ಕೈಗೆಟುಕದಿರಲಿ.

ಕೆಲಸ ಕೆಡುತ್ತದೆ, ನೆಲ ಒದ್ದೆಯಾಗುತ್ತದೆ, ನಿಜ. ಮಕ್ಕಳು ತೊಂದರೆ ಕೊಡುತ್ತಾರೆಂದು ತಡೆದವರು ಪ್ರಭುವಿನ ಶಿಷ್ಯರೇ. ಅದನ್ನು ಕಂಡು ಪ್ರಭು ಸಿಟ್ಟಾದರು, ಮಕ್ಕಳನ್ನು ಅಪ್ಪಿಕೊಂಡು ಹರಸಿದರು (ಮಾರ್ಕ 10:13-16). ಚಮಚ ಇಡಲು ಬಂದ ಕಂದನನ್ನು 'ಆಚೆ ಹೋಗು' ಎಂದು ಗದರಿಸಿ ಮೊಬೈಲ್ ಕೊಟ್ಟು ಕೂರಿಸಿದಾಗ ನಾವು ಯಾರ ಸಾಲಿನಲ್ಲಿ ನಿಂತಂತಾಯಿತು? ಮಗು ಅಡುಗೆಮನೆಗೆ ತಾನಾಗಿ ಓಡಿಬರುವ ವರ್ಷಗಳು ಮೂರೋ ನಾಲ್ಕೋ. ಆಮೇಲೆ ನೀವು ಕರೆದರೂ ಅದು ಬರಲಿಕ್ಕಿಲ್ಲ.

2015ರ ನವೆಂಬರ್‌ನಲ್ಲಿ ಜಗದ್ಗುರು ಫ್ರಾನ್ಸಿಸರು ರೋಮಿನಲ್ಲಿ ಕುಟುಂಬದ ಊಟವನ್ನು ಕುರಿತೇ ಉಪದೇಶಿಸಿದರು. ಒಟ್ಟಿಗೆ ಉಣ್ಣದ, ಉಣ್ಣುವಾಗಲೂ ಪರಸ್ಪರ ಮಾತನಾಡದೆ ಟಿ.ವಿ.ಯನ್ನೋ ಫೋನನ್ನೋ ನೋಡುವ ಕುಟುಂಬವನ್ನು ಕುಟುಂಬವೆನ್ನುವುದು ಕಷ್ಟ ಎಂಬುದು ಅವರ ಮಾತಿನ ತಾತ್ಪರ್ಯ. ಕುಟುಂಬವನ್ನು ಮನೆಯ ಧರ್ಮಸಭೆ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲೇ ಕರೆದಿದೆ. ದೇವಾಲಯದ ಪೀಠದ ಸುತ್ತ ನೆರೆಯುವ ನಾವು ಮನೆಯ ಊಟದ ಸುತ್ತಲೂ ನೆರೆಯಬೇಡವೇ?

ಬರುವ ಭಾನುವಾರ ಒಂದು ಸಲ ಮಾಡಿ ನೋಡಿ. ಅಡುಗೆ ಒಂದೇ ಬಗೆಯಿರಲಿ. ನೆಂಟರು ಬಂದರೂ ಅದೇ ಇರಲಿ. ಶನಿವಾರವೇ ಅಪ್ಪ, ಮಕ್ಕಳು ಕೈಜೋಡಿಸಲಿ. ಬಲಿಪೂಜೆಯಿಂದ ಬಂದ ಮೇಲೆ ಅಮ್ಮ ಕುಳಿತುಕೊಳ್ಳಲಿ. ಚಮಚಗಳನ್ನು ಪುಟ್ಟ ಮಗು ಇಡಲಿ, ಅದರ ಪುಟ್ಟ ಕೈ ಹಿಡಿದು ಶಿಲುಬೆಯ ಗುರುತು ಹಾಕಿಸಿ, ಎಲ್ಲರೂ ಒಟ್ಟಿಗೆ ಉಣ್ಣಿ. ಪಾತ್ರೆ ತೊಳೆಯುವವರು ಅಂದು ಬೇರೆಯವರಾಗಲಿ. ದಣಿದವರಿಗೆ ದಡದಲ್ಲಿ ಊಟ ಸಿದ್ಧಮಾಡಿದ ಪ್ರಭು ನಿಮ್ಮ ಅಡುಗೆಮನೆಗೂ ಒಂದು ಭಾನುವಾರವನ್ನು ದಯಪಾಲಿಸಲಿ, ನಿಮ್ಮ ಕುಟುಂಬಗಳನ್ನು ಆಶೀರ್ವದಿಸಲಿ.