ಕೊನೆಯ ಕಂತು ಯಾರ ಹಣ?

ಮಗಳ ಮದುವೆ ನಿಶ್ಚಯವಾಗಿದೆ. ಹಳೆಯ ಹೆಂಚಿನ ಮನೆಯ ಹಿಂಬದಿಗೆ ಒಂದು ಕೋಣೆ, ಅದಕ್ಕೆ ತಾರಸಿ, ಒಳಗೆಲ್ಲ ಹೊಸ ನೆಲ. ಕಂಟ್ರಾಕ್ಟರ್ ಪರಿಚಯದವನೇ. 'ನಮ್ಮವನಲ್ಲವೇ, ಬರೆಯುವುದೇನಿದೆ?' ಎಂದು ಎಲ್ಲವೂ ಬಾಯಿಮಾತಿನಲ್ಲೇ ತೀರ್ಮಾನವಾಗುತ್ತದೆ. ಕೆಲವು ತಿಂಗಳ ನಂತರ ಅವರಿಬ್ಬರು ಮಸೀದಿಯ ಒಂದೇ ಸಾಲಿನಲ್ಲಿ ನಿಂತರೂ ಪರಸ್ಪರ ಸಲಾಮ್ ಹೇಳುವುದಿಲ್ಲ. ಇಂತಹವರನ್ನು ತಾವೂ ಕಂಡಿರಬಹುದು.

ಜಗಳ ಹೆಚ್ಚಾಗಿ ಹುಟ್ಟುವುದು ಕೊನೆಯ ಕಂತಿನಲ್ಲಿ. ಮನೆಯವರು ಒಂದಿಷ್ಟು ಹಣ ಹಿಡಿದಿಟ್ಟುಕೊಳ್ಳುತ್ತಾರೆ. ಕೇಳಿದರೆ, 'ತಾರಸಿ ಸೋರಿದರೆ ಮತ್ತೆ ಅವನು ಈ ಕಡೆ ಬರುತ್ತಾನೆಯೇ?' ಎನ್ನುತ್ತಾರೆ. ಈ ಭಯ ಸುಳ್ಳಲ್ಲ. ಬೇಸಿಗೆಯಲ್ಲಿ ಹಾಕಿದ ತಾರಸಿಯ ನಿಜ ಬಯಲಾಗುವುದು ಜೂನ್ ಮಳೆಯಲ್ಲಿ. ಕಾಂಕ್ರೀಟಿಗೆ ಒಂದು ವಾರವಾದರೂ ಸರಿಯಾಗಿ ನೀರುಣಿಸಿದರೋ ಇಲ್ಲವೋ ಎಂಬುದನ್ನು ಮೇಲೆ ಬಳಿದ ಗಾರೆ ಮುಚ್ಚಿಬಿಡುತ್ತದೆ. ಆದ್ದರಿಂದ ಒಂದು ಮಳೆಗಾಲ ಕಳೆಯುವವರೆಗೆ ಇಷ್ಟು ಹಣ ನಮ್ಮಲ್ಲಿರಲಿ ಎಂದು ಮೊದಲೇ ಹೇಳಿ, ಅವನೂ ಒಪ್ಪಿ, ಇಬ್ಬರೂ ಸಹಿ ಹಾಕಿದ್ದರೆ ಅದು ಭದ್ರತೆ. ಹೇಳದೆ, ಕೆಲಸ ಮುಗಿದ ಮೇಲೆ ಹಿಡಿದಿಟ್ಟರೆ? ಮೊತ್ತ ಅದೇ. ಆದರೆ ಈಗ ಅದು ಇನ್ನೊಬ್ಬನ ಹಕ್ಕು. ಇರುವವನು ಕೊಡಬೇಕಾದುದನ್ನು ಮುಂದೂಡುವುದು ಅಕ್ರಮವೆಂದು ಪ್ರವಾದಿಯವರು(ಸ) ಎಚ್ಚರಿಸಿದ್ದಾರೆ.

ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ, ಅಲ್ ಬಕರದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದುದು. ಚಿಕ್ಕದಾದರೂ ಬರೆಯಲು ಬೇಸರಿಸಬಾರದೆಂಬ ತಾಕೀತು ಅದರಲ್ಲಿದೆ. ಬರೆಯುವುದೇ ಅಪನಂಬಿಕೆ ಎಂದು ನಾವು ಎಲ್ಲಿಂದ ಕಲಿತೆವೋ!

ಕಂಟ್ರಾಕ್ಟರರೆಲ್ಲ ಸಾಧುಗಳೆಂದು ನಾನು ಹೇಳುತ್ತಿಲ್ಲ. ನಿಮ್ಮ ಮುಂಗಡದಿಂದ ಇನ್ನೊಬ್ಬರ ಮನೆ ಮುಗಿಸುವವರಿದ್ದಾರೆ. ತಳಪಾಯ, ಗೋಡೆ, ತಾರಸಿ, ಗಾರೆ ಎಂದು ಹಂತಹಂತವಾಗಿ ಕೊಡುವುದೇ ಇದಕ್ಕೆ ಮದ್ದು. ಕೆಲಸ ಕೆಟ್ಟಿದ್ದರೆ ದುರಸ್ತಿಯ ಖರ್ಚನ್ನು ಕಳೆಯಿರಿ, ಅದಕ್ಕಿಂತ ಹೆಚ್ಚನ್ನಲ್ಲ. ನಡುವೆ 'ಇಲ್ಲೊಂದು ಕಪಾಟು, ಅಲ್ಲೊಂದು ಕಿಟಕಿ' ಎಂದು ನೀವೇ ಸೇರಿಸಿದ್ದರೆ, ಅದರ ಬೆಲೆಯನ್ನು ಅಂದೇ ಕೇಳಿ ಬರೆದುಕೊಳ್ಳಿ.

ತಡೆದ ಹಣದ ಹೊಡೆತ ಯಾರ ಮೇಲೆ ಬೀಳುತ್ತದೆಂದು ಯೋಚಿಸಿದ್ದೀರಾ? ಕಂಟ್ರಾಕ್ಟರ್ ಸಿಮೆಂಟ್ ಅಂಗಡಿಯ ಬಾಕಿ ತೀರಿಸಲೇಬೇಕು, ಇಲ್ಲವಾದರೆ ಮುಂದಿನ ಮಾಲು ಸಿಗದು. 'ನಾಳೆ ಬಾ' ಎಂದು ಅವನು ಹೇಳಬಹುದಾದದ್ದು ಕಲ್ಲು ಹೊತ್ತವನಿಗೆ ಮಾತ್ರ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಹದೀಸನ್ನು ನಾವು ವೇದಿಕೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. 'ಅವನಿಗೆ ಕೊಡಬೇಕಾದವನು ಕಂಟ್ರಾಕ್ಟರ್, ನಾನಲ್ಲ' ಎಂಬುದು ಲೆಕ್ಕದಲ್ಲಿ ಸರಿ. ಆದರೆ ಪೂರ್ತಿ ದುಡಿಸಿ ಕೂಲಿ ಕೊಡದವನ ವಿರುದ್ಧ ಅಂತ್ಯದಿನದಂದು ಅಲ್ಲಾಹನೇ ನಿಲ್ಲುವನೆಂದು ಬುಖಾರಿಯ ಹದೀಸಿನಲ್ಲಿದೆ. ಹಣ ತಡೆದದ್ದು ನಾವಾಗಿದ್ದರೆ, ಅಂದು ಕಂಟ್ರಾಕ್ಟರನ ಕಡೆಗೆ ಬೆರಳು ತೋರಿಸಿ ಪಾರಾಗಲಾದೀತೇ?

ಮನುಷ್ಯರ ಹಕ್ಕನ್ನು ಮನುಷ್ಯರೇ ಕ್ಷಮಿಸಬೇಕು. ರಾಯಚೂರು, ಬಾಗಲಕೋಟೆಗಳಿಂದ ಕರಾವಳಿಗೆ ಬಂದು ದುಡಿದವನು ಮಳೆ ಶುರುವಾದೊಡನೆ ಊರಿಗೆ ಹೋಗಿಬಿಡುತ್ತಾನೆ. ಅವನ ಪೂರ್ಣ ಹೆಸರೂ ನಮಗೆ ತಿಳಿದಿರುವುದಿಲ್ಲ. ಆದ್ದರಿಂದ ಕೆಲಸದ ಕೊನೆಯ ದಿನ, ಚಹಾ ಕೊಡುವಾಗ, ಕಂಟ್ರಾಕ್ಟರನ ಎದುರಿನಲ್ಲೇ ಅವನನ್ನು ಕೇಳಿಬಿಡಿ: 'ನಿನಗೆ ಬರಬೇಕಾದದ್ದು ಇನ್ನೆಷ್ಟಿದೆ?'